ಬಾಗಿಲಿಲ್ಲದ ಉಗ್ರಾಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸನಗರ ತಾಲ್ಲೂಕಿನ ಕಾಡಂಚಿನ ಕಣಿವೆಬೈಲಿನಲ್ಲಿ ಗುತ್ಯಮ್ಮ ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿಕೊಂಡು ಮೂಸುತ್ತಾರೆ. ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯುತ್ತಾರೆ. ಸಮಾಧಾನವಾದ ಮೇಲೇ ಬೇಳೆ ಕುದಿಯುವ ನೀರಿಗೆ ಬೀಳುವುದು. "ಚೀಲದ ಮೇಲೆ ಬರ್ದಿದ್ದನ್ನ ನಂಬೋ ಕಾಲ ಹೋಯ್ತು," ಎನ್ನುತ್ತಾರೆ, ಸೌದೆಯನ್ನು ಒಲೆಗೆ ದೂಡುತ್ತಾ.

ಮಂಗನ ಕಾಯಿಲೆ ಕಾಣಿಸಿಕೊಂಡ ಮೇಲೆ ಇಲ್ಲಿನವರಿಗೆ ಕಾಡಿನ ದಾರಿ ಬಂದ್. ಉದುರಿದ ಎಲೆಯ ಒಣ ದರಗು ಗುಡಿಸಿ, ಸೀಗೆಕಾಯಿ ಕೊಯ್ದು ಮಾರುವ ಮನೆಗಳಿಗೆ ಕಾಡೇ ಅನ್ನ. ಹಸಿದವರು ಮತ್ತೆ ಅಲ್ಲಿಗೇ ನುಗ್ಗಿ ಕಾಯಿಲೆ ಹರಡುವ ಉಣುಗು ಹುಳ ಕಚ್ಚಿಸಿಕೊಳ್ಳಬಾರದೆಂದು ಸರ್ಕಾರ ಪಂಚಾಯಿತಿಗೆ ಅನುದಾನ ಕೊಟ್ಟಿತು, ದಿನಕ್ಕೊಂದು ಬಿಸಿಯೂಟ. ಸುಮಾರು ಎಂಬತ್ತು ಜನರ ಅಡುಗೆ ಸ್ತ್ರೀಶಕ್ತಿ ಸಂಘದ ಗುತ್ಯಮ್ಮನ ಪಾಲಿಗೆ ಬಂತು. ಹಿಂದೊಮ್ಮೆ ಅದೇ ಜ್ವರದಲ್ಲಿ ಮಲಗಿ ಎದ್ದವರು ಅವರು. ಹಂಡೆ ಇಳಿಸಲು ಈಗಲೂ ಇನ್ನೊಬ್ಬರ ಕೈ ಬೇಕು.

ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಸಾರು ತೆಳ್ಳಗಾಯಿತು. ಚೀಲಗಳು ಬೇಗ ಬೇಗ ಖಾಲಿಯಾಗುವುದು ಗುತ್ಯಮ್ಮನಿಗೂ ಅನುಮಾನ ತಂದಿತ್ತು, ಯಾರ ಮೇಲೆಂದು ಮಾತ್ರ ಗೊತ್ತಾಗಿರಲಿಲ್ಲ. ಊರಿಗೆ ಆ ತೊಡಕಿರಲಿಲ್ಲ; ಅದು ಗುತ್ಯಮ್ಮನನ್ನೇ ಶಂಕಿಸಿತು. ಅವರ ಮನೆಗೆ ಹೊಸ ಹೆಂಚು ಹೊದಿಸಿದ್ದೂ ಮಾತಿಗೆ ಬಂತು. ಒಂದು ಮಧ್ಯಾಹ್ನ ಪಂಕ್ತಿಯಲ್ಲಿ ಕೂತಿದ್ದ ಗಿರಿಯಪ್ಪ ಎಲ್ಲರೆದುರೇ ಕೇಳಿಬಿಟ್ಟರು: "ಬೇಳೆ ಇಲ್ಲಿ ಬೇಯ್ತದಾ, ನಿನ್ ಮನೇಲಿ ಬೇಯ್ತದಾ?"

ಗುತ್ಯಮ್ಮ ಸೌಟು ಕೆಳಗಿಟ್ಟರು. ಸಂಜೆಯೊಳಗೆ ಬಡಗಿಯನ್ನು ಕರೆಸಿ ಉಗ್ರಾಣದ ಬಾಗಿಲನ್ನೇ ಕಳಚಿಸಿದರು. "ಯಾರ್ ಬೇಕಾದ್ರೂ ಬಂದ್ ನೋಡ್ಲಿ ಅಂದೆ."

ಮುಂದಿನ ಸಲ ದಿನಸಿ ಗಾಡಿ ಬಂದಾಗ ಚೀಲ ಇಳಿಸಲು ಗಿರಿಯಪ್ಪನನ್ನೇ ಕರೆದರು. ಮೊದಲ ಚೀಲ ಹೆಗಲಿಗೇರುತ್ತಲೇ ಗಿರಿಯಪ್ಪನ ಮುಖ ಬದಲಾಯಿತು. "ಇದೆಂತ ಚೀಲ! ಹತ್ತಿ ಎತ್ತಿದಂಗಾಯ್ತು!" ಬಿಚ್ಚಿದರೆ ಬೇಳೆ ಕಡಿಮೆ; ಇದ್ದದ್ದೂ ಹುಳ ಹಿಡಿದದ್ದು. ಗಾಡಿ ಓಡಿಸಿಕೊಂಡು ಬಂದ ರವೀಶ್ ತಲೆ ಕೆರೆದುಕೊಂಡ: "ಗ್ರಾಂಟೇ ಪೂರ್ತಿ ಬಂದಿಲ್ವಂತಮ್ಮ. ಅಂಗಡಿ ಸಾಹುಕಾರ್ರು ಕೊಟ್ಟಿದ್ದು ತಂದೆ." ಪಂಚಾಯಿತಿಯಲ್ಲಿ ಕೇಳಿದರೆ ಪೂರ್ತಿ ಬಂದಿದೆ ಎಂದರು. ಗುತ್ಯಮ್ಮ ಗಾಡಿಯನ್ನು ಹಾಗೇ ವಾಪಸು ಕಳಿಸಿದರು.

ಮತ್ತೆ ದಿನಸಿ ಬರುವವರೆಗೆ ಒಲೆ ಉರಿಯಲಿಲ್ಲ. ಆ ನಡುವೆ ಗಿರಿಯಪ್ಪನ ಹೆಂಡತಿ ಜಲಜಮ್ಮ ದರಗಿಗೆಂದು ಕಾಡಿಗೆ ಹೋದರು. ವಾರದೊಳಗೆ ಜ್ವರ. ತೀರ್ಥಹಳ್ಳಿಯಲ್ಲಿ ಆಸ್ಪತ್ರೆ ಸೇರಿ, ಹೇಗೋ ಬದುಕಿ ಬಂದರು. "ಹುಳದ ಬೇಳೇನೇ ಆರಿಸಿ ಬೇಯಿಸಿ ಹಾಕಿದ್ರೆ ಅವ್ಳು ಹೋಗ್ತಿರ್ಲಿಲ್ವೇನೋ," ಎನ್ನುವಾಗ ಗುತ್ಯಮ್ಮನ ದನಿ ಇಳಿಯುತ್ತದೆ. ಗಿರಿಯಪ್ಪ ಒಪ್ಪುವುದಿಲ್ಲ. "ಅವತ್ತು ಸುಮ್ನಿದ್ದಿದ್ರೆ ಇವತ್ತಿಗೂ ನೀರ್ ಸಾರೇ ಕುಡೀತಿದ್ವಿ."

ಈಗ ಬೇರೆ ಅಂಗಡಿಯಿಂದ ದಿನಸಿ ಬರುತ್ತದೆ. ಸಾರು ಗಟ್ಟಿಯಾಗಿದೆ. ಹಣ ಎಲ್ಲಿ ಸೋರಿತೆಂದು ಇಂದಿಗೂ ಯಾರೂ ಹೇಳಿಲ್ಲ. ಗುತ್ಯಮ್ಮನ ಅನುಮಾನವೂ ಹೋಗಿಲ್ಲ. ಮೊಬೈಲ್ ಹಿಡಿದು ಫೋಟೊ ತೆಗೆಯಲು ಬಂದ ಸಾಹೇಬರ ಕೈಯಲ್ಲೂ ಅವರು ಮೊದಲು ಚೀಲ ಎತ್ತಿಸುತ್ತಾರೆ.

ಎಲ್ಲರ ಊಟ ಮುಗಿದ ಮೇಲೆ ಗುತ್ಯಮ್ಮ ಮನೆಯಿಂದ ತಂದ ಗಂಜಿಯ ಡಬ್ಬಿ ಬಿಚ್ಚುತ್ತಾರೆ. ಪಂಕ್ತಿಯಲ್ಲಿ ಆ ಮಾತು ಕೇಳಿದಂದಿನಿಂದ ತಾವೇ ಮಾಡಿದ ಸಾರನ್ನು ಉಪ್ಪು ನೋಡುವಷ್ಟು ಬಿಟ್ಟರೆ ಮುಟ್ಟುವುದಿಲ್ಲ. ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ಡಬ್ಬಿಯೊಳಗೆ ನೋಡುತ್ತಲೇ ಹೇಳುತ್ತಾರೆ: "ಒಂದಿನ ನಾನೂ ಪಂಕ್ತೀಲಿ ಕೂತ್ಕೊಂಡು ಉಣ್ಬೇಕು. ಎರಡ್ನೇ ಸಲ ಹಾಕಿಸ್ಕೊಂಡಾಗ ಯಾರೂ ನನ್ನ ಮುಖ ನೋಡ್ಬಾರ್ದು."