ಹಿರೇಮಠ ಸರ್ ಅವರ ಪೆನ್ಸಿಲ್

ಹಿರೇಮಠ ಸರ್ ಕಣ್ಣಿಗೆ ಉರಿಯುವ ದೀಪ ಬಿದ್ದರೆ ಆರಿಸದೆ ಬಿಡುತ್ತಿರಲಿಲ್ಲ. ಒಮ್ಮೆ ನಾನು ಆಫೀಸಿನ ಬಾತ್‌ರೂಮಿನೊಳಗೆ ಇದ್ದಾಗಲೇ ಆರಿಸಿಬಿಟ್ಟರು. ಕಿರುಚಿಕೊಂಡೆ. "ತಪ್ಪಾತ್ರಿ ಲಲಿತಾ ಅವ್ರ! ಆದ್ರ ಕರೆಂಟ್ ಉಳೀತಲ್ಲ!" ಎಂದು ಹೊರಗೆ ನಿಂತು ನಕ್ಕರು. ದೊಮ್ಮಲೂರಿನಲ್ಲಿದ್ದ ನಮ್ಮದು ಕರೆಂಟ್ ಮಾರುವ ಕಂಪನಿ, ಅವರೇ ಅದರ ಮ್ಯಾನೇಜರು!

ಧಾರವಾಡದ ಕಡೆಯವರು. ಕಾಗದ ಹಾಳಾಗಬಾರದೆಂದು ಫೈಲಿನ ಟಿಪ್ಪಣಿಯನ್ನು ಮೊದಲು ಪೆನ್ಸಿಲ್‌ನಲ್ಲಿ ಬರೆಯುವರು. ಮೇಲಿನವರ ಮೀಟಿಂಗ್ ಮುಗಿದ ಮೇಲೆ ಬೇಕಾದ್ದು ಅಳಿಸಿ ತಿದ್ದುವರು. ಆಮೇಲೆ ಅದರ ಮೇಲೆಯೇ ಪೆನ್ನಿನಲ್ಲಿ ಬರೆಯುವುದು ನನ್ನ ಕೆಲಸ.

ಕೆ.ಆರ್. ಪುರದಾಚೆ, ಎಣ್ಣೆ ಸುಟ್ಟು ಕರೆಂಟ್ ತೆಗೆಯುವ ನಮ್ಮ ಘಟಕವಿತ್ತು. ಅದರ ಚಿಮಣಿಯ ಫಿಲ್ಟರ್ ಕೆಟ್ಟುಹೋಗಿತ್ತು. ಜೋಗುಪಾಳ್ಯದಿಂದ ಬರುತ್ತಿದ್ದ ಆಪರೇಟರ್ ಮುನಿರಾಜು ಬಾಯಿಗೆ ಟವೆಲ್ ಕಟ್ಟಿಕೊಂಡೇ ಮಾತಾಡುತ್ತಿದ್ದ. ಉಗುಳಿದರೆ ಕಪ್ಪು.

ಅವನನ್ನು ನೋಡಿ ಬಂದ ದಿನ ಸರ್ ಊಟ ಮುಟ್ಟಲಿಲ್ಲ. 'ಫಿಲ್ಟರ್ ಕೂಡಲೇ ಬದಲಿಸಬೇಕು' ಎಂದು ಪೆನ್ಸಿಲ್ ಮೊನೆ ಮುರಿಯುವಷ್ಟು ಒತ್ತಿ ಬರೆದರು. "ಈ ಸಲ ಬಿಡಂಗಿಲ್ಲ ನೋಡ್ರಿ. ಮನಶಾ ಕೆಮ್ಮಿ ಕೆಮ್ಮಿ ಸಾಯಾಕತ್ತಾನ!"

ಮೀಟಿಂಗ್‌ನಿಂದ ಬಂದವರು ಫೈಲ್ ಬಿಚ್ಚಿದರು. ಆಮೇಲೆ ರಬ್ಬರ್ ತೆಗೆದುಕೊಂಡರು. "ಘಟಕ ಒಂದ್ ವಾರ ನಿಲ್ಲಸೂದು ಆಗಂಗಿಲ್ಲಂತ. ಮುಂದಿನ ವರ್ಷ ಅಂತ ಬರೀರಿ." ಬರೆದೆ. ಮುಂದಿನ ವರ್ಷವೂ ಹಾಗೇ ಆಯಿತು, ಅದರ ಮುಂದಿನ ವರ್ಷವೂ.

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ" ಎಂದು ಆಫೀಸಿನಲ್ಲಿ ಆಡಿಕೊಳ್ಳುತ್ತಿದ್ದರು. ಅಯ್ಯೋ, ಅವರು ನಾಟಕದವರಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಪುಣ್ಯಾತ್ಮ ನಿಜವಾಗಿ ನೊಂದುಕೊಳ್ಳುತ್ತಿದ್ದರು. ನೊಂದುಕೊಂಡೇ ಅಳಿಸುತ್ತಿದ್ದರು.

ಮುನಿರಾಜು ಹೋಗಿಬಿಟ್ಟ. ನಾವಿಬ್ಬರೂ ಜೋಗುಪಾಳ್ಯಕ್ಕೆ ಹೋದೆವು. ಅವನ ಹೆಂಡತಿ ಸರೋಜಮ್ಮ ಅಳಲಿಲ್ಲ. ನಮಗೆ ಚಾಪೆ ಹಾಸಿ ಕೂರಿಸಿ ಕೇಳಿದಳು:

"ಹೋದೋರು ಹೋದ್ರು ಸಾರ್. ಅದೇನೋ ಫಿಲ್ಟರ್ ಹಾಕುಸ್ತೀನಿ ಅಂದಿದ್ರಂತಲ್ಲ, ಹಾಕುಸುದ್ರಾ? ಸೋಮವಾರದಿಂದ ಅವ್ರ ಜಾಗಕ್ಕೆ ನನ್ ಮೈದುನ ಹೋಗ್ತಾವ್ನೆ."

"ಬರ್ಕೋತೀನವ್ವಾ" ಎಂದರು ಸರ್. ಕೈ ತಾನಾಗಿಯೇ ಜೇಬಿನಿಂದ ಪೆನ್ಸಿಲ್ ತೆಗೆಯಿತು. ಸರೋಜಮ್ಮ ಆ ಪೆನ್ಸಿಲನ್ನೇ ನೋಡಿದಳು. ಸರ್ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಏನೂ ಬರೆಯಲಿಲ್ಲ. ಬೀದಿಯ ಕೊನೆಯಲ್ಲಿ ನನ್ನನ್ನು ಆಟೋ ಹತ್ತಿಸಿ, "ನೀವು ನಡೀರಿ" ಎಂದರು. ಅವರನ್ನು ನಾನು ಕಂಡದ್ದು ಅದೇ ಕೊನೆ. ಮರುದಿನ ರಾಜೀನಾಮೆ ಪತ್ರ ಬಂತು, ಪೆನ್ನಿನಲ್ಲಿ ಬರೆದದ್ದು.

ಆ ಫೈಲ್ ಈಗ ನನ್ನ ಮೇಜಿನ ಮೇಲಿದೆ. ಸರೋಜಮ್ಮನ ಮೈದುನ ಟವೆಲ್ ಕಟ್ಟಿಕೊಂಡೇ ಡ್ಯೂಟಿಗೆ ಹೋಗುತ್ತಾನೆ. ಆ ಹಾಳೆಯ ಮೇಲೆ ಬೆರಳಾಡಿಸಿದರೆ, ಅಷ್ಟು ಒತ್ತಿ ಬರೆದಿದ್ದ 'ಕೂಡಲೇ' ಇನ್ನೂ ತಗ್ಗಾಗಿ ಸಿಗುತ್ತದೆ. ಅದರ ಮೇಲೆ, ಮಾಸದ ಶಾಯಿಯಲ್ಲಿ, 'ಮುಂದಿನ ವರ್ಷ'. ಆ ಅಕ್ಷರ ನನ್ನದು.