ಒಗೆಯದ ಸೀರೆ

ಶಂಕ್ರೆವ್ವ ಸೀರೆಯನ್ನು ಮೂಗಿಗೆ ಹಿಡಿದು ನೋಡಿ, ಮುದ್ದೆ ಮಾಡಿ ವಾಪಸು ಕೊಡುತ್ತಾಳೆ.

“ಒಗದೀಯೇನ?”

“ಹೊಲಸಾಗಿತ್ತಲ್ಲಕ್ಕಾ. ಮಂದಿ ನೋಡಿದ್ರ ಏನಂತಾರ?” ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತ ಜುಲಿಯಾನಾ ಗೊಣಗುತ್ತಾಳೆ.

“ಮಂದಿ ಬಂದು ಜೋಲ್ಯಾಗ ಮಲಗ್ತಾರೇನ? ತಲಿಗೆ ಸುತ್ತೀಯಲ್ಲ, ಆ ಅರಿವಿ ಕೊಡು.”

ಕಾಗದ ಕಾರ್ಖಾನೆಯ ಬೆಳಗಿನ ಭೋಂಗಾ ಕೂಗುತ್ತಿದೆ. ನಿನ್ನೆಯ ಬೆವರು ಹಿಡಿದ ತಲೆವಸ್ತ್ರವನ್ನು ಬಿಚ್ಚಿಕೊಟ್ಟು, ಕೂಸನ್ನು ಒಪ್ಪಿಸಿ ಜುಲಿಯಾನಾ ಕೆಲಸಕ್ಕೆ ಓಡುತ್ತಾಳೆ. ಅದು ಕೆನ್ನೆಗೆ ತಾಗಿದ್ದೇ ಅವಳ ಕೂಸು ಬಿಕ್ಕುತ್ತ ಬಿಕ್ಕುತ್ತ ನಿದ್ದೆ ಹೋಗುತ್ತದೆ.

ದಾಂಡೇಲಿಯಲ್ಲಿ ಕಾಗದವಾಗಲಿರುವ ಬಿದಿರನ್ನು ಒಟ್ಟುವ ಹೆಂಗಸರ ಕೂಸುಗಳು ಹಗಲೆಲ್ಲ ಇರುವುದು ಈ ತಗಡಿನ ಶೆಡ್ಡಿನಲ್ಲಿ. ತೊಲೆಗಳಿಂದ ಇಳಿಬಿದ್ದ ಬಟ್ಟೆಯ ಜೋಲಿಗಳು. ಒಂದೊಂದೂ ಆಯಾ ಕೂಸಿನ ತಾಯಿ ಹಿಂದಿನ ದಿನ ಉಟ್ಟು ಬಿಟ್ಟ ಸೀರೆಯದು. ಈ ನಿಯಮ ಶಂಕ್ರೆವ್ವನದೇ. “ಕೂಸಿಗೆ ಕಣ್ಣಿನ ಗುರ್ತಾ ಆಮ್ಯಾಲ. ಮೊದಲ ಮೂಗು.”

ಗಂಡ ತೀರಿಕೊಂಡ ಮೇಲೆ ಹಳಿಯಾಳದ ತವರಿನಿಂದ ಬಂದು ಈ ಕೆಲಸ ಹಿಡಿದವಳು. “ಎಲ್ಲಾ ಮಕ್ಕೊಂಡಾಗ ಒಂದು ಗಳಿಗಿ ಗಪ್ಪ ಆಗ್ತೈತಿ ನೋಡ್ರಿ. ಆ ಗಪ್ಪ ನಾ ಮಾಡಿದ್ದು. ಅಂಥಾ ಕೆಲಸ ಮತ್ತೆಲ್ಲೈತ್ರಿ?” ಎನ್ನುತ್ತಾಳೆ. ಮರುಕ್ಷಣ ಮಗಳ ನೆನಪಾಗಿ ಗಲಿಬಿಲಿಗೊಳ್ಳುತ್ತಾಳೆ.

ಅವಳ ಮಗಳು ಶಿವವ್ವನೂ ಮೊದಲು ಇದೇ ಶೆಡ್ಡಿನಲ್ಲಿದ್ದಳು. “ಎಲ್ಲಾ ಕೂಡೇ ಅತ್ರ ನನ್ನ ಕೈ ತಾನ ಅಕೀ ಕಡೆ ಹೋಗ್ತಿತ್ತು. ಮಂದಿ ಕೂಸಿಗೆ ಮೋಸ ಆಗಬಾರದಂತ ಅಕೀನ್ನ ಕಡೀಕ ಎತ್ತಕೊಳ್ಳಾಕ ಹತ್ತಿದೆ. ಅತ್ತು ಅತ್ತು ಉಸಿರು ಹಿಡೀತಿದ್ಲು. ನೋಡಲಾರದ ಹಳಿಯಾಳದಾಗ ನಮ್ಮವ್ವನ ಕಡೆ ಬಿಟ್ಟೆ. ಛಲೋ ಮಾಡಿದ್ನೋ, ತಪ್ಪು ಮಾಡಿದ್ನೋ? ನೀವರ ಹೇಳ್ರಿ.”

ಶಿವವ್ವನಿಗೆ ಈಗ ಐದು ವರ್ಷ. ಅವಳನ್ನು ಕರೆತಂದು ದಾಂಡೇಲಿಯ ಶಾಲೆಗೆ ಹಾಕಬೇಕು, ಜೊತೆಯಲ್ಲಿ ಮಲಗಿಸಿಕೊಳ್ಳಬೇಕು ಎಂಬುದೊಂದೇ ತಾಯಿಯ ಆಸೆ. ಹೋದ ಸಲ ಕರೆದಾಗ ಹುಡುಗಿ ಕಂಬ ತಬ್ಬಿಕೊಂಡು ಬಿಡಲಿಲ್ಲ. ಈ ಸಲ ಶಂಕ್ರೆವ್ವ ತನಗೆ ಗೊತ್ತಿರುವ ಉಪಾಯವನ್ನೇ ನಂಬಿದ್ದಾಳೆ: ವಾರವೆಲ್ಲ ಶೆಡ್ಡಿನಲ್ಲಿ ಉಟ್ಟು, ಒಗೆಯದೆ ಮಡಚಿಟ್ಟ ತನ್ನ ಸೀರೆ. “ಹೊಚ್ಚಗೊಂಡು ಮಲಗಲಿ. ವಾಸನಿ ರೂಢಿ ಆತಂದ್ರ ತಾನ ಬರ್ತಾಳ.”

ಭಾನುವಾರ ಹಳಿಯಾಳದ ಬಸ್ಸಿನಲ್ಲಿ ಆ ಗಂಟು ಅವಳ ತೊಡೆಯ ಮೇಲಿದೆ.

“ಏನಬೇ, ಬೆಣ್ಣೀನೇನ?” ಕಂಡಕ್ಟರ್ ಕೇಳುತ್ತಾನೆ.

“ಬಂಗಾರ. ನೀ ಟಿಕೀಟ ಹರಿಯೋ ತಮ್ಮಾ.”

ಅಂಗಳದಲ್ಲಿ ಅಜ್ಜಿ ಮುದಕವ್ವ ಮೊಮ್ಮಗಳ ತಲೆ ಬಾಚುತ್ತಿದ್ದಾಳೆ. “ಏಳ, ನಿಮ್ಮವ್ವ ಬಂದ್ಲು.” ಹುಡುಗಿ ಏಳುವುದಿಲ್ಲ. ಶಂಕ್ರೆವ್ವ ಗಂಟು ಬಿಚ್ಚಿ ಸೀರೆಯನ್ನು ಅವಳ ಹೆಗಲಿಗೆ ಹೊದಿಸುತ್ತಾಳೆ. ಶಿವವ್ವ ಅದರ ಸೆರಗನ್ನು ಮೂಗಿಗೆ ಹಿಡಿಯುತ್ತಾಳೆ, ಥೇಟು ತಾಯಿಯ ಹಾಗೆ.

“ಇದು ಯಾರ್ದು?”

“ನಂದ, ನನ್ನವ್ವಾ.”

“ಅಲ್ಲ. ಇದು ಕೂಸುಗಳ್ದು.”

“ಆ ವಾಸನಿ ಹೋಗ್ತೈತಿ. ಇಟ್ಕೋ. ರಾತ್ರಿ ಹೊಚ್ಚಗೋ.”

ಹುಡುಗಿ ಸೀರೆಯನ್ನು ಮುದ್ದೆ ಮಾಡಿ ತಾಯಿಯ ಕೈಗಿಟ್ಟು, ಅಜ್ಜಿಯ ಮೊಣಕಾಲುಗಳ ನಡುವೆ ತಿರುಗಿ ಕೂರುತ್ತಾಳೆ.

“ಒಲ್ಲೆ.”