ಝೆಲಿಗನ ಎದುರು ಪಕ್ಷ
ಟೆಲ್ ಅವೀವಿನ ಆ ಮೂಲೆ ಹೋಟೆಲಿಗೆ ಝೆಲಿಗ್ ಮುದುಕ ಬರುತ್ತಿದ್ದುದು ಚಹಾಕ್ಕಲ್ಲ, ಜಗಳಕ್ಕೆ. ಸಕ್ಕರೆ ಅಚ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂಬೆ ಚಹಾ ಹೀರುತ್ತಾ, ಮೇಜು ಗುದ್ದಿ ಕೇಳುವುದು ಒಂದೇ ಮಾತು: "ಯಹೂದಿಗಳಿಗೆ ಅಂತ ಒಂದು ದೇಶ ಇರ್ಬೇಕೋ ಬೇಡ್ವೋ, ಹೇಳ್ಬಿಡು!" ಇರಬೇಕೆನ್ನುವುದು ಅವನ ಪಕ್ಷ. ಬೇಡವೆನ್ನುತ್ತಿದ್ದವನು ಗೆಳೆಯ ಆನ್ಷೆಲ್, ಪೋಲೆಂಡಿನ ಅದೇ ಊರಿನವನು, ಇವನಂತೆಯೇ ಯುದ್ಧದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡು ಬಂದವನು. "ಲೋ ಪೆದ್ದಾ, ಇಲ್ಲಿದ್ದ ಅರಬರನ್ನ ಓಡಿಸಿ ಕಟ್ಟಿದ್ದು ಮನೆ ಆಗತ್ತೇನೋ?" ಎಂದು ಅವನು, "ನಮ್ಮನ್ನ ಒಳಗೆ ಬಿಟ್ಕೊಂಡ ಬಾಗಿಲು ಒಂದಾದ್ರೂ ತೋರಿಸೋ!" ಎಂದು ಇವನು. ಬೈದಾಡಿದರೆ ಹುಟ್ಟೂರಿನ ಮನೆಮಾತು ಯಿಡ್ಡಿಷ್‌ನಲ್ಲೇ ಬೈದಾಡಬೇಕು, ಇಲ್ಲಿಯ ಹೀಬ್ರೂ ಬೈಗುಳಕ್ಕೆ ಉಪ್ಪುಖಾರವಿಲ್ಲ ಎಂಬುದೊಂದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಆನ್ಷೆಲ್ ತೀರಿಕೊಂಡ ಮೇಲೂ ಝೆಲಿಗ್ ಬಂದ, ಮೇಜು ಗುದ್ದಿದ, ಅದೇ ಮಾತು ಕೇಳಿದ, ಈ ಸಲ ಎಲ್ಲರಿಗೂ ತಿಳಿಯುವ ಹೀಬ್ರೂವಿನಲ್ಲಿ. ಹೋಟೆಲಿನ ಒಡತಿ ಮಜಾಲ್ ಕನಿಕರದಿಂದ, "ನೀವು ಹೇಳೋದೇ ಸರಿ ತಾತ, ಇರ್ಲೇಬೇಕು" ಎಂದಳು. ಮುದುಕನ ಮುಖ ಸಪ್ಪಗಾಯಿತು. ಎದ್ದು, ಮೇಜು ಸುತ್ತಿ ಹೋಗಿ ಆನ್ಷೆಲನ ಕುರ್ಚಿಯಲ್ಲಿ ಕೂತ. ಅವಳಿಗೆ ಒಂದಕ್ಷರವೂ ತಿಳಿಯದ ಯಿಡ್ಡಿಷ್‌ನಲ್ಲಿ, "ಲೋ ಪೆದ್ದಾ, ಇಲ್ಲಿದ್ದ ಅರಬರನ್ನ ಓಡಿಸಿ ಕಟ್ಟಿದ್ದು ಮನೆ ಆಗತ್ತೇನೋ?" ಎಂದು ಗದರಿ, ಎದುರಿಗೆ ಖಾಲಿಯಾಗಿದ್ದ ತನ್ನದೇ ಕುರ್ಚಿಯನ್ನು ನೋಡುತ್ತಾ ಉತ್ತರಕ್ಕೆ ಕಾದ.